ಮೆಂಬರವ್ವನ ಸೊಸೆ

ಮೊನ್ನೆ ಹೊಸಪೇಟೆಯ ಒಂದು ಕಿರಾಣಿ ಅಂಗಡಿಯಲ್ಲಿ ನನ್ನ ಮಾನ ಹೋಯಿತು. ಮಗಳ ಮನೆಗೆ ಬಂದಿದ್ದವಳು ಸಾಮಾನಿನ ಚೀಟಿ ಬರೆದು ಅಂಗಡಿಯವರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು, ಇಳಿಸಿ ನನ್ನ ಮುಖ ನೋಡಿದರು.

"ಅಮ್ಮಾರ, ಇದು ನನಗ ಕೊಡೋದೋ, ತಹಶೀಲ್ದಾರರಿಗೆ ಕೊಡೋದೋ?"

ಇಣುಕಿ ನೋಡಿದರೆ ಚೀಟಿಯ ನೆತ್ತಿಯ ಮೇಲೆ ನನ್ನದೇ ಗುಂಡನೆಯ ಅಕ್ಷರಗಳಲ್ಲಿ 'ವಿಷಯ: ತೊಗರಿಬೇಳೆ, ಶೇಂಗಾ ಮತ್ತು ಇತರ ಸಾಮಾನು ಒದಗಿಸುವ ಕುರಿತು' ಎಂದಿದೆ! ಪುಣ್ಯಕ್ಕೆ 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂಬಲ್ಲಿಗೆ ಮುಟ್ಟುವ ಮೊದಲೇ ಕೈ ನಿಂತಿತ್ತು. ಪಕ್ಕದಲ್ಲಿದ್ದ ಮಗಳು ನಕ್ಕಳು. ಅವಳಿಗೆ ಇದು ಹೊಸದಲ್ಲ. ಅವಳು ಹಾಸ್ಟೆಲಿನಲ್ಲಿದ್ದಾಗ ನಾನು ಬರೆದ ಕಾಗದಗಳೂ ಹೀಗೇ ಶುರುವಾಗುತ್ತಿದ್ದವಂತೆ: ವಿಷಯ, ತಲೆಗೆ ಎಣ್ಣೆ ಹಚ್ಚಿಕೊಳ್ಳುವ ಬಗ್ಗೆ.

ಈ ಚಟ ನನಗೆ ಹತ್ತಿಸಿದವರು ನಮ್ಮ ಅತ್ತೆ. ಹೆಸರು ಕೊಟ್ರಮ್ಮ. ಆದರೆ ಆ ಹೆಸರು ಹಿಡಿದು ಕೇಳಿದರೆ ನಮ್ಮೂರಲ್ಲಿ ಯಾರೂ ಮನೆ ತೋರಿಸುವುದಿಲ್ಲ. 'ಮೆಂಬರವ್ವನ ಮನಿ' ಅನ್ನಬೇಕು. ಗ್ರಾಮ ಪಂಚಾಯಿತಿ, ಆಮೇಲೆ ತಾಲೂಕು ಪಂಚಾಯಿತಿ, ನಡುವೆ ಒಂದು ಸೋಲು, ಮತ್ತೆ ತಾಲೂಕು ಪಂಚಾಯಿತಿ. ಸೋತ ಐದು ವರ್ಷವನ್ನೂ ಸೇರಿಸಿ ಇಪ್ಪತ್ತು ವರ್ಷ ಅವರು ಮೆಂಬರು. ನಾನು ಅವರ ಅರ್ಜಿ ಬರೆಯುವ ಸೊಸೆ. ನಮ್ಮೂರು ಸಂಡೂರು ತಾಲೂಕಿನ ಬಂಡ್ರಿಯಿಂದ ಒಳಗೆ ಮೂರು ಕಿಲೋಮೀಟರು. ಹೆಸರು ಹೇಳಿದರೂ ನಿಮಗೆ ಗೊತ್ತಾಗದಷ್ಟು ಸಣ್ಣದು, ಬಿಡಿ.

ನನ್ನ ಮದುವೆಯ ಸಂಗತಿ ಹೇಳಿಬಿಡುತ್ತೇನೆ. ನಾನು ಕಂಪ್ಲಿಯವಳು. ಅಪ್ಪ ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಕಾಲುವೆಯ ನೀರು, ಕಣ್ಣು ಹಾಯುವಷ್ಟು ದೂರ ಭತ್ತ, ಮಿಲ್ಲಿನ ಅಂಗಳದಲ್ಲಿ ತೌಡಿನ ಬಿಸಿ ವಾಸನೆ, ಇಷ್ಟೇ ನನ್ನ ಲೋಕ. ಅಂಗಳದಲ್ಲಿ ಹರವಿದ ಭತ್ತದ ಮೇಲೆ ಕಡ್ಡಿಯಿಂದ ಅಕ್ಷರ ತಿದ್ದಿ ಬೈಸಿಕೊಂಡವಳು ನಾನು. ಅದರಿಂದಲೋ ಏನೋ ನನ್ನ ಬರವಣಿಗೆ ದುಂಡಗಾಯಿತು. ಶಾಲೆಯಲ್ಲಿ ಒಂದು ಸ್ಟೀಲ್ ಲೋಟ ಬಹುಮಾನವೂ ಬಂತು. ಮಿಕ್ಕ ಯಾವುದರಲ್ಲೂ ನನಗೆ ಚಮಚವೂ ಬಂದದ್ದಿಲ್ಲ.

ನನ್ನನ್ನು ನೋಡಲು ಬಂದ ದಿನ ಚಿಕ್ಕಮ್ಮ ನನಗೆ ಎರಡು ಹಾಡು ಬಾಯಿಪಾಠ ಮಾಡಿಸಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಕೂತೆ. ಗಂಡಿನ ತಾಯಿ ಉಪ್ಪಿಟ್ಟು ತಿಂದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕೇಳಿದರು:

"ಹಾಡು ಬ್ಯಾಡವಾ. ಒಂದು ಅರ್ಜಿ ಬರಿ ನೋಡಾಣ."

ಮನೆಯವರೆಲ್ಲ ತಬ್ಬಿಬ್ಬು. ನಾನು ಬೆವರುತ್ತ ಕೇಳಿದೆ, "ಏನಂತ ಬರೀಬೇಕ್ರಿ?"

"ನಮ್ಮೂರ ಹನುಮಪ್ಪನ ಗುಡಿ ಮುಂದ ಕಂಬ ಐತಿ, ದೀಪ ಇಲ್ಲ. ಅಷ್ಟ ಬರಿ. ಬೈದು ಬರೀಬ್ಯಾಡ, ಬೇಡಿಕೊಂಡೂ ಬರೀಬ್ಯಾಡ."

ನಾನು ಬರೆದೆ. ಅವರು ಕಾಗದ ಹಿಡಿದು, ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಅವರು ಕಲಿತದ್ದು ನಾಲ್ಕನೇ ಇಯತ್ತೆ. ಓದಿ ಮುಗಿಯುವಷ್ಟರಲ್ಲಿ ಚಹಾ ತಣ್ಣಗಾಗಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, "ಹುಡುಗಿ ಆತು" ಎಂದರು. ಹುಡುಗ ಆಗ ನನ್ನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಆ ಅರ್ಜಿಯನ್ನು ಅವರು ನಿಜಕ್ಕೂ ಕೊಟ್ಟಿದ್ದರು. ನಾನು ಸೇರಕ್ಕಿ ಒದ್ದು ಒಳಗೆ ಬರುವ ಹೊತ್ತಿಗೆ ಗುಡಿಯ ಮುಂದೆ ದೀಪ ಬಂದಿತ್ತು. ತವರಿನಿಂದ ನಾನು ತಂದ ವರದಕ್ಷಿಣೆ ಅದೊಂದೇ.

ಅವರು ರಾಜಕೀಯಕ್ಕೆ ಬಂದ ಕತೆಯನ್ನು ನಮ್ಮ ಮಾವ ಹೇಳುತ್ತಿದ್ದರು. ಸೀಟು ಹೆಂಗಸರಿಗೆ ಬಂದಾಗ ಊರ ಹಿರಿಯರು ಮನೆ ಮನೆ ಲೆಕ್ಕ ಹಾಕಿದರಂತೆ. ಈಕೆ ಜಗಳಗಂಟಿ, ಆಕೆಯ ಗಂಡ ಕುಡುಕ, ಇನ್ನೊಬ್ಬಳಿಗೆ ಬಾಯಿ ಜೋರು. ಕೊನೆಗೆ, "ಕೊಟ್ರಮ್ಮನ್ನ ನಿಲ್ಲಸ್ರಿ, ಬಾಯಿ ಸತ್ತಾಕಿ" ಎಂದು ತೀರ್ಮಾನವಾಯಿತು. ಅತ್ತೆ ಮಾತು ಕಡಿಮೆ, ಅದು ನಿಜ. ಆದರೆ ಮಾತು ಕಡಿಮೆ ಇರುವುದಕ್ಕೂ ಬಾಯಿ ಸತ್ತಿರುವುದಕ್ಕೂ ಇರುವ ವ್ಯತ್ಯಾಸ ಹಿರಿಯರಿಗೆ ತಿಳಿದದ್ದು ಮೊದಲ ಸಭೆಯಲ್ಲಿ.

ಠರಾವಿನ ಪುಸ್ತಕ ಮುಂದಿಟ್ಟು, "ಇಲ್ಲೊಂದು ಸಹಿ ಹಾಕವಾ, ಮನಿಗೆ ಹೋಗು" ಎಂದರಂತೆ.

"ಓದಿ ಹಾಕ್ತೀನ್ರಿ."

"ಏನಿಲ್ಲವಾ, ಎಲ್ಲಾ ಸರಿ ಐತಿ."

"ಸರಿ ಇದ್ದದ್ದನ್ನ ಓದಿದರ ಏನು ತಪ್ಪು? ನಾ ಕೂಡಿಸಿ ಓದಾಕಿ. ಸ್ವಲ್ಪ ಹೊತ್ತು ಆಕ್ಕೈತಿ. ಕುಂದ್ರಿ."

ಮಧ್ಯಾಹ್ನದ ಸಭೆ. ದನ ಮನೆಗೆ ಬರುವ ಹೊತ್ತಾದರೂ ಅತ್ತೆ ಎರಡನೇ ಪುಟದಲ್ಲಿದ್ದರು. ಕೂತವರು ಆಕಳಿಸಿದರು, ಕೆಮ್ಮಿದರು, ಒಬ್ಬರಂತೂ ಗೊರಕೆ ಹೊಡೆದರು. ಬೆರಳು ಮಾತ್ರ ಸಾಲಿನ ಮೇಲೆ ಇರುವೆಯಂತೆ ಹರಿಯುತ್ತಲೇ ಇತ್ತು. ಮೂರು ಸಭೆ ಹೀಗಾದ ಮೇಲೆ ಕಾರ್ಯದರ್ಶಿಗಳು ತಾವಾಗಿಯೇ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಹಾಕಿಕೊಂಡರು. ಆಗ ಉಳಿದ ಮೆಂಬರುಗಳಿಗೂ ತಾವು ಇಷ್ಟು ವರ್ಷ ಯಾವುದಕ್ಕೆ ಸಹಿ ಹಾಕುತ್ತಿದ್ದೆವು ಎಂಬುದು ತಿಳಿಯಿತಂತೆ.

ಮಾವನದು ಬೇರೆಯೇ ತೂಕ. ಮೆಂಬರಾದ ಹೆಂಗಸರ ಗಂಡಂದಿರು ಬಿಳಿ ಅಂಗಿ ಹೊಲಿಸಿಕೊಂಡು ಕಚೇರಿಯಲ್ಲಿ ಕೂಡುತ್ತಿದ್ದ ಕಾಲ ಅದು. ಜನ ನಮ್ಮ ಮನೆಗೂ ಬಂದು ಮಾವನ ಮುಂದೆ ಕಾಗದ ಹಿಡಿಯುತ್ತಿದ್ದರು. ಮಾವ ಎತ್ತಿನ ಮೈ ತಿಕ್ಕುತ್ತ, "ನಾ ಮೆಂಬರಲ್ಲಪಾ, ಮೆಂಬರನ ಗಂಡ. ನನಗ ಎತ್ತಿಂದು ಬಿಟ್ಟರ ಏನೂ ತಿಳಿಯಂಗಿಲ್ಲ. ಕುಂದ್ರಿ, ಆಕಿ ಬರ್ತಾಳ" ಎಂದು ನೀರು ಕೊಡುತ್ತಿದ್ದರು. ಅಂಥ ಗಂಡ ಸಿಕ್ಕದ್ದು ಅತ್ತೆಯ ಭಾಗ್ಯವೋ ನಮ್ಮೂರಿನ ಭಾಗ್ಯವೋ, ನನಗೆ ಇನ್ನೂ ತೀರ್ಮಾನವಾಗಿಲ್ಲ.

ಮದುವೆಯಾದ ಹೊಸದರಲ್ಲಿ ನನಗೆ ಅತ್ತೆಯ ಬಗ್ಗೆ ಹೆಮ್ಮೆಯೇನೂ ಇರಲಿಲ್ಲ. ನಾಚಿಕೆ ಇತ್ತು. ನಮ್ಮನ್ನು ಜೋಡಿಯಾಗಿ ಹಂಪಿಗೆ ದೇವರ ದರ್ಶನಕ್ಕೆ ಕರೆದುಕೊಂಡು ಹೋದರು. ವಿರೂಪಾಕ್ಷನ ಗುಡಿಯಿಂದ ಹೊರಬಂದರೆ, ಗೋಪುರದ ನೆರಳಲ್ಲಿ ಒಬ್ಬ ಸಾಹೇಬರು ಹೆಂಡತಿ ಮಕ್ಕಳೊಂದಿಗೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದಾರೆ. ನಮ್ಮೂರ ಬೋರಿಗೆ ಮೋಟರು ಕೊಡಿಸಬೇಕಾದ ಇಂಜಿನಿಯರ್ ಅವರೇ. ಅತ್ತೆ ಹೋಗಿ ಎದುರು ನಿಂತರು.

"ನಮಸ್ಕಾರ್ರಿ ಸಾಹೇಬ್ರ. ತಿನ್ರಿ, ತಿನ್ರಿ. ಅವಸರಿಲ್ಲ. ನಾ ನಿಂತಿರ್ತೀನಿ."

ಹಾಗೆ ನಿಂತವರ ಮುಂದೆ ಯಾರ ಗಂಟಲಲ್ಲಿ ಮಿರ್ಚಿ ಇಳಿದೀತು? "ಅಮ್ಮಾ, ಇವತ್ತು ರಜಾ" ಎಂದರು ಅವರು.

"ನಮ್ಮೂರಾಗ ನೀರಡಿಕಿಗೆ ರಜಾ ಇಲ್ಲರಿ. ದೇವರ ಎದುರಿಗೆ ಇದ್ದೀರಿ, ಒಂದು ದಿನ ಹೇಳಿಬಿಡ್ರಿ."

ಹೊಸ ಮದುಮಗಳಾದ ನಾನು ಓಡಿ ಹೋಗಿ ಒಂದು ಕಂಬದ ಹಿಂದೆ ನಿಂತೆ. ಹಂಪಿಯಲ್ಲಿ ಕಂಬಗಳಿಗೇನು ಬರ! ಅಲ್ಲಿಂದಲೇ ಕೇಳಿಸಿತು: "ಬರೋ ಗುರುವಾರ ಅಮ್ಮಾ." ಮೋಟರು ಶುಕ್ರವಾರ ಬಂತು. ಒಂದು ದಿನದ ವ್ಯತ್ಯಾಸವನ್ನು ವಿರೂಪಾಕ್ಷ ಹೊಟ್ಟೆಗೆ ಹಾಕಿಕೊಂಡಿರಬೇಕು.

ಈಗ ಬಸ್ಸಿನ ವಿಷಯಕ್ಕೆ ಬರಬೇಕು. ನನ್ನ ನಾಚಿಕೆ ಕರಗಿದ್ದು ಅಲ್ಲಿ.

ಅತ್ತೆ ತಾಲೂಕು ಪಂಚಾಯಿತಿಗೆ ಗೆದ್ದಿದ್ದರು. ಯಾವ ಪಕ್ಷ ಎಂದು ಕೇಳಬೇಡಿ, ಆ ಪಕ್ಷದವರೇ ಅವರನ್ನು ತಮ್ಮವರೆಂದು ನಂಬಿರಲಿಲ್ಲ. ನಮ್ಮೂರಲ್ಲಿ ಏಳನೇ ಇಯತ್ತೆವರೆಗೆ ಶಾಲೆ. ಮುಂದೆ ಓದುವವರು ಬಂಡ್ರಿಗೆ ಹೋಗಬೇಕು, ಬಸ್ಸೂ ಅಲ್ಲೇ ಹತ್ತಬೇಕು. ಆ ಮೂರು ಕಿಲೋಮೀಟರಿನ ತುಂಬ ಅದಿರಿನ ಲಾರಿಗಳು. ಗಂಡುಹುಡುಗರು ಸೈಕಲ್ ತುಳಿದರು. ಹೆಣ್ಣುಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿದರು. ಅತ್ತೆ ಒಂದು ಕೋಲು ಹಿಡಿದು ದಿನಾ ಬೆಳಿಗ್ಗೆ ಆರೇಳು ಹುಡುಗಿಯರನ್ನು ಸಾಲಾಗಿ ನಡೆಸಿಕೊಂಡು ಹೋಗಿ ಬಿಟ್ಟು ಬರತೊಡಗಿದರು. ತಾಲೂಕಿನ ಮೆಂಬರು ಬಾತುಕೋಳಿ ಮೇಯಿಸಿದಂತೆ ಹೋಗುತ್ತಾರೆ ಎಂದು ಜನ ನಕ್ಕರು.

ಒಂದು ದಿನ ಹಿಂದಿನಿಂದ ಬಂದ ಲಾರಿ ತೀರಾ ಅಂಚಿಗೆ ಬಂತು. ಹುಡುಗಿಯರೆಲ್ಲ ಹೊಂಡಕ್ಕೆ ಹಾರಿ ಉಳಿದರು. ಶಾಂತಿ ಎಂಬ ಹುಡುಗಿಯ ಚೀಲ ಗಾಲಿಗೆ ಸಿಕ್ಕಿತು. ಅವಳ ಅಪ್ಪ ಮರುದಿನವೇ, "ಸಾಕು ಮೆಂಬರವ್ವಾ, ಸಾಲಿ ಸಲುವಾಗಿ ಮಗಳನ್ನ ಕಳಕೊಳ್ಳಂಗಿಲ್ಲ" ಎಂದು ಅವಳನ್ನು ನಿಲ್ಲಿಸಿಬಿಟ್ಟ. ಉಳಿದವರೂ ಒಬ್ಬೊಬ್ಬರಾಗಿ ನಿಂತರು. ಅತ್ತೆ ಕೋಲನ್ನು ಮೂಲೆಗಿಟ್ಟು ನನ್ನ ಮುಂದೆ ಹಾಳೆ ಇಟ್ಟರು.

ಊರೊಳಗೆ ಬಸ್ಸು ಬರಲಿ ಎಂದು ನಾನು ಬರೆದ ಅರ್ಜಿಗಳನ್ನು ಹಾಸಿದ್ದರೆ ಆ ದಾರಿಗೆ ಡಾಂಬರೇ ಬೇಕಾಗುತ್ತಿರಲಿಲ್ಲ. ಕೊನೆಗೆ ಒಬ್ಬ ಅಧಿಕಾರಿ ಬಂದು ದಾರಿ ನೋಡಿ ಪ್ರಾಮಾಣಿಕವಾಗಿ ಹೇಳಿದರು: "ಅಮ್ಮಾ, ಬಸ್ಸು ಕೊಡ್ತೀನಿ. ಬಂದ ಬಸ್ಸು ತಿರುಗಬೇಕಲ್ಲ? ಜಾಗ ಎಲ್ಲೈತಿ?"

ಊರಲ್ಲಿ ಬಸ್ಸು ತಿರುಗುವಷ್ಟು ಸಮತಟ್ಟಾದ ಗಟ್ಟಿ ನೆಲ ಇದ್ದದ್ದು ಕೆಲವೇ ಕಡೆ. ಅದರಲ್ಲಿ ಒಂದು, ರಸ್ತೆಗೆ ಹತ್ತಿದ ನಮ್ಮ ಹೊಲದ ಮೂಲೆಯ ಕಣ. ಮಾವನ ಅಪ್ಪ, ಅವರ ಅಪ್ಪ ಜೋಳ ತುಳಿಸಿ ರಾಶಿ ಮಾಡಿದ ಜಾಗ.

ಆ ಸಂಜೆ ಊಟಕ್ಕೆ ಕೂತಾಗ ಅತ್ತೆ ಮಾತು ತೆಗೆದರು. ನಮ್ಮ ಮನೆಯವರು ಆಗಷ್ಟೇ ಯಶವಂತನಗರದ ಗಣಿ ವರ್ಕ್‌ಶಾಪಿನಿಂದ ಬಂದಿದ್ದರು. ತುತ್ತು ಕೆಳಗಿಟ್ಟರು.

"ಅವ್ವಾ, ಮೆಂಬರಕಿ ಐದು ವರ್ಷದ್ದು. ಹೊಲ ಹೋದರ ಹೋತು."

"ಹುಡುಗೇರ ಸಾಲಿನೂ ಹೋದರ ಹೋತಪ್ಪ" ಎಂದರು ಅತ್ತೆ.

"ಊರಾಗ ಮತ್ಯಾರ ಹೊಲಾನೂ ಇಲ್ಲೇನು?"

"ಐತಿ. ಅವರು ಕೊಡಂಗಿಲ್ಲ. ಕೊಡ್ರಿ ಅಂತ ಕೇಳಾಕ ನನಗ ಬಾಯಿ ಬರಬೇಕಾದರ ಮೊದಲು ನಂದು ಕೊಟ್ಟಿರಬೇಕು."

ಹೊಲ ಮಾವನ ಹೆಸರಲ್ಲಿತ್ತು. ಎಲ್ಲರೂ ಅವರತ್ತ ನೋಡಿದೆವು. ಮಾವ ರೊಟ್ಟಿ ಮುಗಿಸಿದರು, ಮಜ್ಜಿಗೆ ಕುಡಿದರು, ಮೀಸೆ ಒರೆಸಿಕೊಂಡರು. "ಈಗ ರಾಶಿ ಮಾಡೋದು ಮಷೀನಿನ್ಯಾಗ. ಖಾಲಿ ಕಣ ನೋಡಾಕ ಆಗವಲ್ದು. ಹುಡುಗೇರರ ಓಡಾಡ್ಲಿ" ಎಂದು ಎದ್ದರು. ಎದ್ದವರು ಕೈ ತೊಳೆಯಲು ಹೊರಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ದಾನಪತ್ರದ ಕರಡನ್ನು ನಾನೇ ಬರೆದೆ. ಬರೆಯಬೇಡ ಎಂದು ಮನೆಯವರು ಹೇಳಿದ್ದರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಾನು ಅವರ ಮಾತು ಮೀರಿದ್ದು ಅದೇ ಮೊದಲು. ಎಂಟು ದಿನ ನನ್ನೊಡನೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಮಗಳ ಕಡೆಯಿಂದ ಕೇಳಿಸುತ್ತಿದ್ದರು. ಎಂಟನೆಯ ದಿನ ಕಾಲರಿನ ಗುಂಡಿ ಹೋದದ್ದಕ್ಕೆ ಬೇರೆ ದಾರಿಯಿಲ್ಲದೆ ಮಾತಾಡಿದರು.

ಬಸ್ಸು ಬಂದ ಮೊದಲ ದಿನ ಊರಿಗೆ ಊರೇ ಕಣದ ಸುತ್ತ ನೆರೆದಿತ್ತು. ಡ್ರೈವರ್ ಹೊಸಬ. ಒಮ್ಮೆ ಹಿಂದೆ, ಒಮ್ಮೆ ಮುಂದೆ ಮಾಡಿ ಬೇಲಿಗೆ ಸಿಕ್ಕಿಕೊಂಡ. ಆಗ ಜನರ ಹಿಂದಿನಿಂದ ಒಬ್ಬರು ನುಗ್ಗಿ ಬಂದು ಬಸ್ಸಿನ ಬೆನ್ನು ಬಡಿಯುತ್ತ, "ಬರ್ಲಿ, ಬರ್ಲಿ, ಬಲಕ್ಕ ಮುರೀರಿ, ಇನ್ನೂ ಜಾಗ ಐತಿ, ಬರ್ಲಿ, ಹೋಲ್ಡ್!" ಎಂದು ಕೂಗಿದರು. ನೋಡಿದರೆ ನಮ್ಮ ಮನೆಯವರು. ಪಾಳಿಗೆ ಹೋದವರು ಅರ್ಧ ದಿನ ರಜೆ ಹಾಕಿ ಬಂದಿದ್ದರು. ಶಾಂತಿ ಒಂದು ವರ್ಷ ತಡವಾಗಿ ಎಂಟನೇ ಇಯತ್ತೆಗೆ ಹೋದಳು, ಹೊಸ ಚೀಲದೊಂದಿಗೆ.

ಇಷ್ಟೆಲ್ಲ ಆದ ಮೇಲೆ ಮುಂದಿನ ಚುನಾವಣೆಯಲ್ಲಿ ಏನಾಗಿರಬೇಕು ಹೇಳಿ? ಅತ್ತೆ ಸೋತರು.

ತಮ್ಮ ಹೊಲದ ಬೆಲೆ ಏರಿಸಿಕೊಳ್ಳಲೆಂದೇ ಬಸ್ಸನ್ನು ಅಲ್ಲಿಗೆ ತಂದರು ಎಂದು ಯಾರೋ ಹಬ್ಬಿಸಿದರು. ಉತ್ತರ ಕೊಡೋಣವೆಂದು ನಾನು ಒಂದು ಕರಪತ್ರ ಬರೆದೆ. ಅದು ಎಷ್ಟು ಉದ್ದವಿತ್ತೆಂದರೆ ಅದರಲ್ಲಿ ಜನ ಮಿರ್ಚಿ ಕಟ್ಟಿಸಿಕೊಂಡರೇ ಹೊರತು ಓದಲಿಲ್ಲ. ಸಂಡೂರಿನಲ್ಲಿ ಎಣಿಕೆ ಮುಗಿದಾಗ ಕೈಬೆರಳಲ್ಲಿ ಎಣಿಸುವಷ್ಟು ಮತಗಳ ಸೋಲು. ಗೆದ್ದವರು ಪಕ್ಕದ ಊರಿನ ಹುಲಿಗೆಮ್ಮ, ಮೊದಲ ಸಲ ನಿಂತವರು.

ಮನೆಯಲ್ಲಿ ಒಲೆ ಹಚ್ಚುವ ಮನಸ್ಸು ಯಾರಿಗೂ ಇರಲಿಲ್ಲ. ಅತ್ತೆ ಬಂದವರೇ ಮೈ ತೊಳೆದುಕೊಂಡು, ತಾವೇ ರೊಟ್ಟಿ ಬಡಿದು ಎಲ್ಲರಿಗೂ ಹಾಕಿದರು. ಮರುದಿನ ಬೆಳಿಗ್ಗೆ ಬಾಕಿ ಇದ್ದ ಕಾಗದಗಳನ್ನೆಲ್ಲ ಒಂದು ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದರು.

"ಎಲ್ಲಿಗ್ರೀ ಅತ್ತಿ?"

"ಹುಲಿಗೆಮ್ಮನ ಮನಿಗೆ. ನೀನೂ ನಡಿ."

ನನ್ನ ಮೈ ಉರಿದುಹೋಯಿತು. "ನಾ ಬರಂಗಿಲ್ಲ. ಅವರು ನಿಮ್ಮನ್ನ ಕಳ್ಳಿ ಅಂದಾರ."

"ಆಕಿ ಅಂದಿಲ್ಲ, ಆಕಿ ಮಂದಿ ಅಂದಾರ. ನೀ ಬರದಿದ್ದರ ನಿನ್ನ ಅಕ್ಷರ ಯಾರು ಓದಿ ಹೇಳ್ತಾರ? ನಾ ಕೂಡಿಸಿ ಓದೂದರಾಗ ಆಕಿ ಅವಧಿ ಮುಗೀತೈತಿ."

ಹೋದೆವು. ನಮ್ಮನ್ನು ನೋಡಿ ಹುಲಿಗೆಮ್ಮನ ಕಡೆಯ ನಾಲ್ಕು ಜನ ಬಾಗಿಲಿಗೆ ಅಡ್ಡ ನಿಂತರು, ಜಗಳಕ್ಕೆ ಬಂದಿದ್ದೇವೆಂದು. ಅತ್ತೆ ಅವರ ನಡುವೆಯೇ ಒಳಗೆ ಹೋಗಿ ನೆಲದ ಮೇಲೆ ಕೂತು ಗಂಟು ಬಿಚ್ಚಿದರು.

"ಬಾ ತಂಗಿ, ಕುಂದ್ರು. ಇದು ನಿಮ್ಮೂರ ಅಂಗನವಾಡಿ ಮಾಳಿಗಿದು, ಇನ್ನೊಂದು ಸಹಿ ಆದರ ಮುಗೀತು. ಇದು ವಿಧವಾ ವೇತನದ್ದು, ಮೂರು ಮಂದೀದು. ಇದು ನಮ್ಮ ಬಸ್ಸು, ಮಳಿಗಾಲದಾಗ ಬರಂಗಿಲ್ಲ ಅಂತಾರ, ಬಿಡಬ್ಯಾಡ. ಈ ಸಾಹೇಬರ ಹತ್ರ ಊಟ ಆದ ಮ್ಯಾಲೆ ಹೋಗಬ್ಯಾಡ, ನಿದ್ದಿಗಣ್ಣಿನ್ಯಾಗ ಬೈತಾರ. ಬೆಳಿಗ್ಗೆ ಹೋಗು, ಭಾಳ ಚೊಲೊ ಮನಷ್ಯಾ."

ಹುಲಿಗೆಮ್ಮ ಎದುರಿಗೆ ಕೂತವರು ಕಾಗದ ಮುಟ್ಟಲಿಲ್ಲ. ಸೆರಗನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದರು, "ಅಕ್ಕಾ, ನನಗ ಓದಾಕ ಬರಂಗಿಲ್ಲ. ಇವರು ಎಲ್ಲಿ ಹೇಳ್ತಾರ ಅಲ್ಲಿ ಹೆಬ್ಬಟ್ಟು ಒತ್ತು ಅಂದಾರ."

ಬಾಗಿಲಲ್ಲಿ ನಿಂತಿದ್ದ ನಾಲ್ವರೂ ಬೇರೆ ಬೇರೆ ದಿಕ್ಕಿಗೆ ನೋಡಿದರು. ಅತ್ತೆ ಅವರತ್ತ ತಿರುಗಲಿಲ್ಲ. "ಅದಕ್ಯಾಕ ಚಿಂತಿ? ಈಕಿ ಓದಿ ಹೇಳ್ತಾಳ. ಬರದೂ ಕೊಡ್ತಾಳ" ಎಂದು ನನ್ನನ್ನು ತೋರಿಸಿದರು.

ಹೀಗೆ, ನಮ್ಮ ಅತ್ತೆಯನ್ನು ಸೋಲಿಸಿದವರಿಗೆ ಐದು ವರ್ಷ ಅರ್ಜಿ ಬರೆದುಕೊಟ್ಟವಳು ನಾನು. ಮೊದಮೊದಲು ಬೇಕೆಂದೇ ಅಕ್ಷರ ಕೆಡಿಸಿ ಬರೆಯುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಆದರೆ ವಾರಕ್ಕೊಮ್ಮೆ ಬರುತ್ತಿದ್ದ ಆ ಹೆಂಗಸು ಹೆಸರು ಬರೆಯುವುದನ್ನು ಕಲಿತು, ಒಂದು ದಿನ ನಮ್ಮ ಪಡಸಾಲೆಯಲ್ಲಿ ಕೂತು ಮೊದಲ ಸಹಿ ಹಾಕಿದಾಗ, ನಾನು ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದೆ. ಅವಧಿ ಮುಗಿದಾಗ ಹುಲಿಗೆಮ್ಮ ತಾವೇ ಬಂದು, "ಈ ಸಲ ನೀವ ನಿಲ್ಲಬೇಕಕ್ಕಾ, ನಾ ಮನಿ ಮನಿ ತಿರುಗ್ತೀನಿ" ಎಂದರು. ತಿರುಗಿದರು ಕೂಡ. ಅತ್ತೆ ಗೆದ್ದದ್ದು ಆ ಸಲದಷ್ಟು ದೊಡ್ಡದಾಗಿ ಮತ್ತೆಂದೂ ಇಲ್ಲ. ಕರಪತ್ರ ಬರೆಯುವುದು ಬೇಡವೆಂದು ನನಗೆ ಇಬ್ಬರೂ ಕೂಡಿ ಹೇಳಿದ್ದರು.

ಆ ಅವಧಿ ಮುಗಿಸಿ ಅತ್ತೆ ಸಾಕೆಂದರು. ಮಾವ ಹೋದರು. ಮೊಣಕಾಲು ಕೈಕೊಟ್ಟವು. ಈಗ ಹೊಸ ಮುಖಗಳು, ಹೊಸ ಬ್ಯಾನರುಗಳು. ಅವುಗಳಲ್ಲಿ ಅತ್ತೆಯ ಚಿತ್ರ ಎಲ್ಲೂ ಇಲ್ಲ. ನನಗೆ ಒಮ್ಮೊಮ್ಮೆ ಚುರುಕ್ಕೆನ್ನುತ್ತದೆ. ಅವರಿಗೆ ಏನೂ ಅನ್ನಿಸಿದಂತೆ ಕಾಣುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಮೊಣಕಾಲು ತೋರಿಸಲು ಅವರನ್ನು ಸಂಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿ ಮಾಡಿಸುವ ಕಡೆ ಉದ್ದ ಸಾಲು. ಕೆಲವರು ಗುರುತು ಹಿಡಿದು ಮುಂದೆ ಹೋಗಿ ಎಂದರು. ಅತ್ತೆ ಹೋಗಲಿಲ್ಲ, ನನ್ನ ಹೆಗಲು ಹಿಡಿದು ನಿಂತರು. ಕೊನೆಗೆ ನಮ್ಮ ಪಾಳಿ ಬಂತು. ಕಂಪ್ಯೂಟರಿನ ಮುಂದಿದ್ದ ಹುಡುಗಿ ಬೇರೆ ಕಡೆಯವಳು, ಕೆಲಸಕ್ಕೆ ಹೊಸಬಳು.

"ಹೆಸರು?"

"ಕೊಟ್ರಮ್ಮ."

"ವಯಸ್ಸು ಎಷ್ಟು ಅಜ್ಜಿ?"

"ಎಪ್ಪತ್ತು ಬರಕೊ, ಎಪ್ಪತ್ತೈದು ಬರಕೊ. ನಿನಗ ಯಾವುದು ಚಂದ ಕಾಣತೈತಿ ಅದನ್ನ."

"ಏನು ಕೆಲಸ ಮಾಡ್ತೀರಿ?"

"ಒಕ್ಕಲುತನ."

ಸಾಲಿನ ನಡುವಿನಿಂದ, ಕಂಕುಳಲ್ಲಿ ಕೂಸು ಹೊತ್ತ ಒಬ್ಬ ಹೆಂಗಸು ಗಟ್ಟಿಯಾಗಿ ಹೇಳಿದಳು: "ಒಕ್ಕಲುತನ ಅಲ್ಲರೀ ಮೇಡಂ, ಮೆಂಬರು ಅಂತ ಬರೀರಿ. ಅವರು ನಮ್ಮ ಮೆಂಬರವ್ವ." ಹಿಂದೆ ಯಾರೋ, "ಹೌದ್ರಿ, ನಮ್ಮ ಮೆಂಬರವ್ವ" ಎಂದರು. ಇನ್ನೊಬ್ಬರು, ಮತ್ತೊಬ್ಬರು. ಸಾಲು ಚದುರಿ ಜನ ಕಿಟಕಿಯ ಸುತ್ತ ಬಂದರು. ಆ ಹುಡುಗಿ ಗಾಬರಿಯಾಗಿ ಕಂಪ್ಯೂಟರಿನ ತುಂಬ ಹುಡುಕಿ, "ಇದರಲ್ಲಿ ಮೆಂಬರ್ ಅಂತ ಇಲ್ವಲ್ರೀ" ಎಂದಳು. ಆಮೇಲೆ ಏನನ್ನಿಸಿತೋ, ತಾನು ಕೂತ ಕುರ್ಚಿಯನ್ನೇ ಎತ್ತಿಕೊಂಡು ಹೊರಗೆ ಬಂದು ಅತ್ತೆಯ ಮುಂದಿಟ್ಟಳು.

"ಒಳಗ ಒಯ್ಯವ್ವಾ. ಕೆಲಸ ಮಾಡಾಕಿ ನೀನು, ನೀ ಕುಂದ್ರು" ಎಂದರು ಅತ್ತೆ. ಜನರತ್ತ ತಿರುಗಿ, "ಆಕೀಗೆ ಗದ್ದಲ ಮಾಡಬ್ಯಾಡ್ರಿ. ಎಲ್ಲಾರು ಸಾಲಿಗೆ ನಿಲ್ರಿ" ಎಂದರು. ಎಲ್ಲರೂ ನಿಂತರು.

ಹೊರಗೆ ಬಂದು ಮರದ ಕೆಳಗೆ ಕೂತೆವು. ಅತ್ತೆ ನನ್ನ ಮುಖವನ್ನೇ ನೋಡಿದರು.

"ಯಾಕ, ಕಣ್ಣು ಕೆಂಪಾಗ್ಯಾವ?"

"ಧೂಳು ಬಿತ್ತುರೀ ಅತ್ತಿ" ಎಂದೆ.

ಅದಿರಿನ ಕೆಂಪು ಧೂಳು ಹಾರುವ ಸಂಡೂರಿನಲ್ಲಿ ಈ ಒಂದು ಸುಳ್ಳನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಅತ್ತೆಯೂ ಕೇಳಲಿಲ್ಲ.